ನಗಬೇಡಿ, ಮುಂದಿನವರು

“ಹಲ್ಲು ಕಾಣ್ಲಿ,” ಎಂದಳು ಹೆಂಡತಿ.

ಗದ್ದಣ್ಣ ಹಲ್ಲು ಕಾಣಿಸಿದ.

“ಡಾಕ್ಟರಿಗೆ ತೋರಿಸೋ ಹಾಗಲ್ಲ. ನಗ್ತಾ ಕಾಣಿಸ್ಬೇಕು.”

ಗದ್ದಣ್ಣ ತುಟಿಯ ಎರಡು ತುದಿಗಳನ್ನೂ ಮೇಲಕ್ಕೆ ಕಳಿಸಿದ. ಎಡತುದಿ ಹೋಯಿತು. ಬಲತುದಿ ಯೋಚಿಸುತ್ತ ಅಲ್ಲೇ ನಿಂತಿತು. ಸ್ಟುಡಿಯೋದ ದೀಪಗಳೆರಡೂ ಮುಖಕ್ಕೆ ರಾಚುತ್ತಿದ್ದವು. ಮೂವತ್ತೊಂದು ವರ್ಷ ಬೇರೆಯವರನ್ನು ಕೂರಿಸಿದ್ದ ಸ್ಟೂಲಿನ ಮೇಲೆ ಅವನು ಕೂತದ್ದು ಇವತ್ತೇ ಮೊದಲು. ಅದು ಇಷ್ಟೊಂದು ಅಲುಗಾಡುತ್ತದೆಂದು ಯಾವ ಗಿರಾಕಿಯೂ ಅವನಿಗೆ ಹೇಳಿರಲಿಲ್ಲ.

“ಸಾಕು, ನಿಲ್ಸಿ,” ಎಂದ ಪಕ್ಕದ ಕ್ಷೌರದಂಗಡಿಯವ. ತನ್ನ ಗಿರಾಕಿಯನ್ನು ಅರ್ಧ ಗಡ್ಡದಲ್ಲಿ ಬಿಟ್ಟು ಬಂದು ಬಾಗಿಲಿಗೆ ಒರಗಿದ್ದ. “ಥೇಟ್ ‘ಕಾಣೆಯಾಗಿದ್ದಾರೆ’ ಜಾಹೀರಾತು. ನೋಡಿದವರು ಲೈಕ್ ಕೊಡಲ್ಲ, ಪೊಲೀಸರಿಗೆ ಫೋನ್ ಮಾಡ್ತಾರೆ.”

ತಪ್ಪು ಗದ್ದಣ್ಣನ ಮುಖದ್ದಲ್ಲ, ವೃತ್ತಿಯದು. ಅವನ ಸ್ಟುಡಿಯೋ ಪಾಸ್‌ಪೋರ್ಟ್ ಕಚೇರಿಯ ಎದುರಿಗೇ ಇತ್ತು. ನಗುವ ಫೋಟೋವನ್ನು ಆ ಕಚೇರಿ ಒಪ್ಪುತ್ತಿರಲಿಲ್ಲ. ಹಾಗಾಗಿ ದಿನಕ್ಕೆ ನೂರು ಸಲ “ನಗಬೇಡಿ” ಎನ್ನುವುದೇ ಅವನ ಕಸುಬಾಗಿತ್ತು. “ಗದ್ದ ಕೆಳಗೆ” ಎನ್ನುವುದು ಇನ್ನೊಂದು ಮಾತು. ಬೀದಿಯವರು ಅವನಿಗೆ ಹೆಸರಿಟ್ಟದ್ದು ಅದರಿಂದಲೇ. ಹೇಳಿ ಹೇಳಿ ಅವನಿಗೂ ನಗು ಬಿಟ್ಟುಹೋಗಿತ್ತು. ಮದುವೆಯ ಆಲ್ಬಮ್ಮಿನಲ್ಲಿ ಸಹ ಅವನು ಸಾಕ್ಷಿ ಹೇಳಲು ಬಂದವನ ಹಾಗೆ ನಿಂತಿದ್ದ.

ಹೋದ ವರ್ಷ ಕಚೇರಿಯವರು ಫೋನಿನಲ್ಲಿ ತೆಗೆದ ಫೋಟೋ ಆದರೂ ನಡೆಯುತ್ತದೆ ಎಂದರು. ಜನ ಮನೆಯಲ್ಲೇ ಬಿಳಿ ಚಾದರ ತೂಗುಹಾಕಿ ನಿಂತರು. ಹಾಗೆ ತೆಗೆದ ಫೋಟೋ ವಾಪಸ್ಸು ಬಂದರೆ ಮಾತ್ರ ಗದ್ದಣ್ಣನ ಹತ್ತಿರ ಬರುತ್ತಿದ್ದರು. ಗದ್ದ ಮೇಲಾಗಿರುತ್ತಿತ್ತು, ಇಲ್ಲವೇ ಕಿವಿ ಮುಚ್ಚಿರುತ್ತಿತ್ತು. ಹೀಗೆ ಜನರ ತಪ್ಪುಗಳ ಮೇಲೆ ಅವನ ಸಂಸಾರ ಸಾಗುತ್ತಿತ್ತು. ಈಗ ತಿಂಗಳಿಂದ ಆ ತಪ್ಪುಗಳೂ ಕಡಿಮೆಯಾಗಿದ್ದವು.

ನಿನ್ನೆ ಹೆಂಡತಿಯ ಅಣ್ಣ ಬಂದು ತೀರ್ಪು ಕೊಟ್ಟಿದ್ದ. ಅವನು ಮೇಲ್ವಿಚಾರಕನಾಗಿದ್ದ ಶೀತಲ ಗೋದಾಮಿನ ಗೇಟಿನಲ್ಲಿ ಒಂದು ಕುರ್ಚಿ ಖಾಲಿಯಿತ್ತು. ಒಳಗೆ ಹೋಗುವವರ ಗುರುತಿನ ಚೀಟಿ ನೋಡಬೇಕು, ಮುಖ ನೋಡಬೇಕು, ಎರಡೂ ಒಂದೇ ಆಗಿದ್ದರೆ ಬಿಡಬೇಕು. “ಮುಖ ನೋಡೋದರಲ್ಲಿ ನಿಮ್ಮಂಥವರು ಯಾರಿದಾರೆ? ನಾಳೆ ಸಂಜೆ ಆರಕ್ಕೆ ಬರ್ತೀನಿ. ಅಷ್ಟರೊಳಗೆ ಒಬ್ಬನೇ ಒಬ್ಬ ಗಿರಾಕಿ ಈ ಸ್ಟೂಲ್ ಮೇಲೆ ಕೂತಿದ್ರೆ, ಆಣೆಗೂ ಇನ್ನು ಈ ಮಾತೆತ್ತಲ್ಲ. ಇಲ್ಲಾಂದ್ರೆ ಅಂಗಡಿಗೆ ಬೀಗ.”

ಇದನ್ನು ಕೇಳಿಸಿಕೊಂಡು ಮಹಡಿಯಿಂದ ಇಳಿದು ಬಂದವರೇ ಚಾದರದ ಟೀಚರ್. ಟೈಪಿಂಗ್ ಕಲಿಸಿ ನಿವೃತ್ತರಾದವರು. ಈಗ ಚಾದರ ಮಡಿಸುವುದು ಹೇಗೆಂದು ಫೋನಿನಲ್ಲಿ ತೋರಿಸುತ್ತಿದ್ದರು. ಅವರ ಹಿಂದೆ ಹದಿನಾಲ್ಕು ಸಾವಿರ ಜನ ಇದ್ದರು.

“ಗಿರಾಕಿ ನಿಮ್ಮ ಅಂಗಡಿಗೆ ಬರಲ್ಲ ಅಂದ್ರೆ ನೀವು ಅವರ ಜೇಬಿಗೆ ಹೋಗ್ಬೇಕು,” ಎಂದಿದ್ದರು. “ಮುಖ ತೋರಿಸಿ. ಫೋಟೋದಲ್ಲಿ ಚೆನ್ನಾಗಿ ಕಾಣೋದು ಹೇಗೆ ಅಂತ ಹೇಳಿ. ಆದ್ರೆ ನಗ್ತಾ ಹೇಳಿ.”

ಹಾಗೆ ಬೆಳಗ್ಗೆ ಒಂಬತ್ತರಿಂದ ನಗುವಿನ ಪಾಠ ನಡೆದಿತ್ತು. ಹೆಂಡತಿ ತಮಾಷೆ ಹೇಳಿದಳು. ಕ್ಷೌರದವನು ಕಚಗುಳಿಯಿಟ್ಟ. ಗದ್ದಣ್ಣ ಸೀನಿದ.

ಹತ್ತು ಗಂಟೆಗೆ ಟೀಚರಿಗೆ ಸಾಕಾಯಿತು. “ನಿಮ್ಮನ್ನ ನೀವೇ ನೋಡ್ಕೊಂಡು ಮಾತಾಡಿ,” ಎಂದು ಫೋನನ್ನು ಅವನ ಕಡೆಗೇ ತಿರುಗಿಸಿ ನಿಲ್ಲಿಸಿದರು.

ಗದ್ದಣ್ಣ ಪರದೆಯನ್ನು ನೋಡಿದ. ಅಲ್ಲೊಬ್ಬ ಸ್ಟೂಲಿನ ಮೇಲೆ ಸೊಟ್ಟಗೆ ಕೂತಿದ್ದ. ಒಂದು ಭುಜ ಮೇಲೆ, ಗದ್ದ ಆಕಾಶಕ್ಕೆ, ಮುಖದ ಮೇಲೊಂದು ಅರೆಬೆಂದ ನಗು. ಮೂವತ್ತೊಂದು ವರ್ಷದಲ್ಲಿ ಇಷ್ಟು ಕೆಟ್ಟದಾಗಿ ಕೂತವನನ್ನು ಅವನು ಕಂಡಿರಲಿಲ್ಲ. ಅದು ತಾನೇ ಎಂದು ಹೊಳೆಯುವ ಮೊದಲೇ ಬಾಯಿ ತನ್ನ ಕೆಲಸ ಶುರುಮಾಡಿತು.

“ನೆಟ್ಟಗೆ ಕೂತ್ಕೊಳ್ಳಿ. ಎಡಭುಜ ಕೆಳಗೆ. ಗದ್ದ ಕೆಳಗೆ. ಅಷ್ಟಲ್ಲ, ಅಳೋ ಹಾಗೆ ಕಾಣುತ್ತೆ. ಕಿವಿ ಕಾಣ್ಲಿ. ನಗಬೇಡಿ. ಏನಿದೆ ನಗೋಕೆ? ಉಸಿರು ಹಿಡೀರಿ. ಕಣ್ಣು ಮಿಟುಕಿಸ್ಬೇಡಿ. ಆಯ್ತು. ಮುಂದಿನವರು!”

ಪರದೆಯ ಮೇಲಿನವನು ಹೇಳಿದ್ದನ್ನೆಲ್ಲ ಒಂದೊಂದಾಗಿ ಮಾಡಿದ್ದ. ಇಂಥ ವಿಧೇಯ ಗಿರಾಕಿ ಸಿಗುವುದು ಅಪರೂಪ ಎಂದುಕೊಳ್ಳುವಷ್ಟರಲ್ಲಿ ಟೀಚರ್ ಫೋನ್ ಎತ್ತಿಕೊಂಡರು.

“ಇಪ್ಪತ್ತೆರಡು ಸೆಕೆಂಡು,” ಎಂದರು.

“ಅದನ್ನ ಹಾಕ್ಬೇಡಿ!”

“ಹಾಕಿ ಆಯ್ತು.”

ಹನ್ನೊಂದಕ್ಕೆ ನಾನೂರು ಜನ ನೋಡಿದ್ದರು. ಹನ್ನೆರಡಕ್ಕೆ ಒಂಬತ್ತು ಸಾವಿರ. ಟೀಚರ್ ಕನ್ನಡಕ ಹಾಕಿಕೊಂಡು, ಜನ ಬರೆದದ್ದನ್ನು ಪರೀಕ್ಷೆಯ ಫಲಿತಾಂಶದ ಹಾಗೆ ಓದಿದರು. “‘ಇವರು ಹೇಳಿದ ತಕ್ಷಣ ಸೋಫಾದಲ್ಲಿ ನಾನೂ ನೆಟ್ಟಗೆ ಕೂತೆ.’ ‘ನಾಲ್ಕು ಸಲ ನೋಡಿದೆ, ಬೆನ್ನುನೋವು ಹೋಯಿತು.’ ‘ಏನಿದೆ ನಗೋಕೆ ಅಂದ್ರಲ್ಲ, ಅವತ್ತಿಂದ ಅದೇ ಯೋಚನೆ.’”

“ಅವತ್ತಿಂದ ಅಂದ್ರೆ? ಇವತ್ತು ಬೆಳಗ್ಗೆ ತಾನೇ ಹೇಳಿದ್ದು?” ಎಂದಳು ಹೆಂಡತಿ.

“ಫೋನಿನೊಳಗೆ ಕಾಲ ಬೇರೆ,” ಎಂದರು ಟೀಚರ್.

ಆಗ ಅದು ನಡೆಯಿತು. ಗದ್ದಣ್ಣನ ತುಟಿಯ ಬಲತುದಿ ಯಾರೂ ಕೇಳದೆಯೇ ಮೇಲೆದ್ದಿತು. ಎಡತುದಿ ಜೊತೆಗೂಡಿತು. ಮೂವತ್ತೆರಡರಲ್ಲಿ ಉಳಿದಿದ್ದ ಹಲ್ಲುಗಳೆಲ್ಲ ಹೊರಗೆ ಬಂದವು. ಹೆಂಡತಿ ಕೈಯಲ್ಲಿದ್ದ ಲೋಟ ಕೆಳಗಿಟ್ಟಳು. “ಅಯ್ಯೋ, ನಿಮಗೆ ಕೆನ್ನೇಲಿ ಗುಳಿ ಬೀಳುತ್ತಾ?”

ಮದುವೆಯಾಗಿ ಇಪ್ಪತ್ತಾರು ವರ್ಷವಾಗಿತ್ತು.

ಕಷ್ಟವೆಂದರೆ, ತುಕ್ಕು ಹಿಡಿದ ಬಾಗಿಲನ್ನು ಒದ್ದು ತೆಗೆದ ಮೇಲೆ ಅದು ಮುಚ್ಚಿಕೊಳ್ಳುವುದಿಲ್ಲ. ಗದ್ದಣ್ಣ ಊಟ ಮಾಡುವಾಗಲೂ ನಗುತ್ತಿದ್ದ. ನೀರು ಕುಡಿದರೆ ಎರಡೂ ಕಡೆಯಿಂದ ಸೋರಿತು.

ಮೂರು ಗಂಟೆಗೆ ತೊಂಬತ್ತು ಸಾವಿರ. ಕ್ಷೌರದವನು ಅಂಗಡಿ ಬಿಟ್ಟು ಬಂದು ಗದ್ದಣ್ಣನ ಕೂದಲನ್ನು ಹಿಂದಕ್ಕೆ ಬಾಚಿದ. “ಇನ್ನು ನಿಮ್ಮ ತಲೆ ನನ್ನ ಜವಾಬ್ದಾರಿ. ಹೊರಗೆ ನೋಡಿ, ಅಭಿಮಾನಿಗಳು!”

ನಿಜ. ಸ್ಟುಡಿಯೋದ ಹೊರಗೋಡೆಯ ಮುಂದೆ ಮೂರು ಜನ ನಿಂತಿದ್ದರು. ಗೋಡೆಗೆ ಬೆನ್ನು ಕೊಟ್ಟು ಒಬ್ಬರ ಫೋಟೋ ಒಬ್ಬರು ತೆಗೆಯುತ್ತಿದ್ದರು. ಅವರು ಹೋದ ಮೇಲೆ ಇನ್ನಿಬ್ಬರು ಬಂದರು. ಗದ್ದಣ್ಣ ಕಿಟಕಿಯಿಂದ ಕೈ ಬೀಸಿದ. ಅವರು ಯಾರೋ ಹುಚ್ಚನನ್ನು ಕಂಡವರ ಹಾಗೆ ಮುಖ ತಿರುಗಿಸಿದರು.

“ಯಾರೂ ನಗ್ತಾನೇ ಇಲ್ವಲ್ಲ?” ಎಂದಳು ಹೆಂಡತಿ.

“ಅದೇ ಇವರ ಸ್ಟೈಲು,” ಎಂದ ಕ್ಷೌರದವನು. “ಅನುಕರಣೆ ಮಾಡ್ತಿದಾರೆ.”

“ಒಬ್ಬರಾದ್ರೂ ಒಳಗೆ ಬರಬಾರದಾ?”

“ಸಂಕೋಚ ಇರುತ್ತಮ್ಮ. ದೊಡ್ಡವರ ಹತ್ತಿರ ಹೋಗೋಕೆ.”

ನಾಲ್ಕಕ್ಕೆ ಕೈಯಲ್ಲಿ ಅರ್ಜಿ ಹಿಡಿದ ಒಬ್ಬ ಮೆಟ್ಟಿಲವರೆಗೆ ಬಂದ. ಗದ್ದಣ್ಣ ಎದ್ದು ದೀಪ ಹಾಕಿದ. ಬಂದವನು ಫೋನ್ ನೋಡಿದ, ಗೋಡೆ ನೋಡಿದ, ಇಳಿದು ಹೋದ. ಐದಕ್ಕೆ ಇನ್ನೊಬ್ಬಳು. ಅವಳೂ ಹಾಗೆಯೇ. ದಿನಕ್ಕೆ ಇಬ್ಬರು ಮೂವರಾದರೂ ತಪ್ಪದೆ ಬರುತ್ತಿದ್ದ ಅಂಗಡಿಗೆ ಇವತ್ತು ಒಂದು ನೊಣವೂ ಬಂದಿರಲಿಲ್ಲ.

ಆರಕ್ಕೆ ಹತ್ತು ನಿಮಿಷವಿರುವಾಗ ಹೆಂಡತಿಯ ಅಣ್ಣ ಬಂದ. ಕೈಯಲ್ಲಿ ಗೋದಾಮಿನ ಗೇಟಿನವರು ತೊಡುವ, ಇಸ್ತ್ರಿ ಮಾಡಿದ ಬೂದು ಅಂಗಿಯಿತ್ತು.

“ಭಾವ, ತೊಂಬತ್ತೆಂಟು ಸಾವಿರ ಜನ!” ಎಂದ ಗದ್ದಣ್ಣ.

“ಸ್ಟೂಲ್ ಮೇಲೆ?”

“ಫೋನಲ್ಲಿ.”

“ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ. ಯಾಕ್ರೀ ಹಲ್ಲು ಕಿರೀತಿದೀರಿ? ನಾನು ತಮಾಷೆ ಮಾಡ್ತಿಲ್ಲ.”

“ಇದು ನಿಲ್ತಾ ಇಲ್ಲ, ಭಾವ.”

“ಇನ್ನೂ ಹತ್ತು ನಿಮಿಷ ಇದೆ,” ಎಂದಳು ಹೆಂಡತಿ. ಅವಳು ಅಣ್ಣನಿಗೆ ಕುರ್ಚಿ ಹಾಕಲಿಲ್ಲ.

ಆರಕ್ಕೆ ನಾಲ್ಕು ನಿಮಿಷವಿರುವಾಗ ಬಾಗಿಲಲ್ಲಿ ಒಬ್ಬ ಹೆಂಗಸು ಕಾಣಿಸಿಕೊಂಡಳು. ಬೆನ್ನಿಗೆ ಗಂಡ. ಇಬ್ಬರ ಕಂಕುಳಲ್ಲೂ ಅರ್ಜಿ.

“ಒಳಗೆ ಬರಬಹುದಾ?”

ಕ್ಷೌರದವನು ದಾರಿ ಬಿಟ್ಟ. ಟೀಚರ್ ಉಸಿರು ಹಿಡಿದರು. ಗದ್ದಣ್ಣ ಸ್ಟೂಲನ್ನು ತೋಳಿನಿಂದ ಒರೆಸಿದ.

“ಹೊರಗಿನ ಬಿಳಿ ಗೋಡೆ ನಿಮ್ದೇನಾ?” ಎಂದಳು ಹೆಂಗಸು. “ಎರಡು ನಿಮಿಷ ಅದರ ಮುಂದೆ ನಿಂತ್ಕೋತೀವಿ. ಎಲ್ಲರೂ ನಿಲ್ತಿದಾರೆ, ಆದ್ರೂ ಕೇಳೋದು ಒಳ್ಳೇದು ಅಂತ. ಅರ್ಜಿಗೆ ಫೋಟೋ ಬೇಕಿತ್ತು.”

“ಫೋಟೋ ಇಲ್ಲೇ ತೆಗೀತಾರಲ್ಲ!” ಎಂದಳು ಗದ್ದಣ್ಣನ ಹೆಂಡತಿ.

“ಹೋದ ಸಲ ಮನೇಲಿ ತೆಗೆದದ್ದು ಎರಡು ಸಲ ವಾಪಸ್ ಬಂತು. ಆಮೇಲೆ ಸ್ಟುಡಿಯೋಗೆ ಹೋಗ್ಬೇಕಾಯ್ತು. ಈಗ ಆ ರಗಳೆ ಇಲ್ಲ. ಇವರು ಎಲ್ಲ ಹೇಳಿಕೊಡ್ತಾರೆ.” ಅವಳು ಫೋನ್ ಎತ್ತಿ ಹಿಡಿದಳು. “ಗದ್ದ ಕೆಳಗೆ,” ಎಂದು ಅದರೊಳಗಿಂದ ಗದ್ದಣ್ಣ ಗದರಿದ. “ಕಿವಿ ಕಾಣ್ಲಿ. ನಗಬೇಡಿ.”

ಕ್ಷೌರದವನು ಕಿಟಕಿಯಿಂದ ಇಣುಕಿದ. ಗೋಡೆಯುದ್ದಕ್ಕೂ ಅಭಿಮಾನಿಗಳು ಸಾಲಾಗಿ ನಿಂತಿದ್ದರು. ಒಬ್ಬೊಬ್ಬರ ಕೈಯಲ್ಲೂ ಅರ್ಜಿ, ಒಬ್ಬೊಬ್ಬರ ಗದ್ದವೂ ಸರಿಯಾಗಿ ಕೆಳಗೆ. ಅವನು ತನ್ನ ಬಾಚಣಿಗೆಯನ್ನು ಜೇಬಿಗೆ ಸೇರಿಸಿದ.

“ಅಮ್ಮಾ, ಅದು ಇವರೇ!” ಎಂದಳು ಹೆಂಡತಿ. “ನೀವು ನೋಡ್ತಿರೋದು ಇವರನ್ನೇ!”

ಹೆಂಗಸು ಫೋನನ್ನು ಗದ್ದಣ್ಣನ ಕೆನ್ನೆಯ ಪಕ್ಕಕ್ಕೆ ತಂದು ಹಿಡಿದಳು. ಪರದೆ ನೋಡಿದಳು, ಮುಖ ನೋಡಿದಳು, ಮತ್ತೆ ಪರದೆ ನೋಡಿದಳು. ಗಂಡನೂ ಬಗ್ಗಿ ನೋಡಿದ. ಭಾವ ಕೂಡ ಅಭ್ಯಾಸಬಲದಿಂದ ಬಗ್ಗಿದ.

“ಮೀಸೆ ಅದೇ ತರ ಇದೆ,” ಎಂದ ಗಂಡ.

“ಇರಬಹುದು. ಆದ್ರೆ ಅವರು ಗಂಭೀರ ಮನುಷ್ಯ. ಹೀಗೆಲ್ಲ ಹಲ್ಲು ಕಿರಿಯೋರಲ್ಲ.”

ಗದ್ದಣ್ಣ ನಗು ನಿಲ್ಲಿಸಲು ನೋಡಿದ. ಕಣ್ಣಲ್ಲಿ ನೀರು ಬಂತು, ಕೊರಳ ನರ ಉಬ್ಬಿತು, ಕೆನ್ನೆಯ ಗುಳಿಗಳು ಇನ್ನಷ್ಟು ಆಳವಾದವು. ಗೋಡೆಯ ಗಡಿಯಾರದಲ್ಲಿ ಒಂದು ನಿಮಿಷ ಉಳಿದಿತ್ತು. ಭಾವ ಬೂದು ಅಂಗಿಯ ಗುಂಡಿಗಳನ್ನು ಮೇಲಿನಿಂದ ಒಂದೊಂದಾಗಿ ಬಿಚ್ಚತೊಡಗಿದ.

“ದುಡ್ಡು ಬೇಡ ತಾಯಿ,” ಎಂದ ಗದ್ದಣ್ಣ. ಸ್ಟೂಲನ್ನು ಎರಡೂ ಕೈಗಳಿಂದ ಅವಳ ಕಡೆಗೆ ತಳ್ಳಿದ. “ಫೋಟೋನೂ ಬೇಡ, ಬಿಡಿ. ಸುಮ್ನೆ ಒಂದು ನಿಮಿಷ ಇದರ ಮೇಲೆ ಕೂತ್ಕೊಳ್ಳಿ. ಅಷ್ಟೇ.”

ಹೆಂಗಸು ಸ್ಟೂಲನ್ನು ನೋಡಿದಳು, ದೀಪಗಳನ್ನು ನೋಡಿದಳು, ಕಣ್ಣೀರು ಸುರಿಸುತ್ತ ಇದ್ದಬದ್ದ ಹಲ್ಲನ್ನೆಲ್ಲ ಬಿಟ್ಟುಕೊಂಡು ನಿಂತ ಆ ಅಪರಿಚಿತನನ್ನು ನೋಡಿದಳು. ಗಂಡನ ಮೊಣಕೈ ಹಿಡಿದುಕೊಂಡಳು.

“ಬೇಡ,” ಎಂದಳು.