ಮೊಮ್ಮಗಳಿಗೆ ಮೂರು ತುಂಡು ಬೆಲ್ಲ

ಆರಿಸುವ ಕೆಲಸವೆಂದರೆ ನನಗೆ ಚಿಕ್ಕಂದಿನಿಂದಲೂ ಆಸೆ. ಅಕ್ಕಿಯಲ್ಲಿ ಕಲ್ಲು ಆರಿಸಿದ್ದೇನೆ, ಸಂತೆಬಾಚಹಳ್ಳಿ ಸಂತೆಯಲ್ಲಿ ಎಮ್ಮೆ ಆರಿಸಿದ್ದೇನೆ, ಇಬ್ಬರು ಸೊಸೆಯರನ್ನು ಆರಿಸಿದ್ದೇನೆ. ಎಮ್ಮೆಗಳ ವಿಷಯದಲ್ಲಿ ಒಂದು ಸಲವೂ ತಪ್ಪಲಿಲ್ಲ. ಆದರೆ ಪಾಂಡವಪುರದ ಹತ್ತಿರದ ನಮ್ಮ ಮನೆ ಜಗುಲಿಯಲ್ಲಿ ಕೂತು, ಮೂರನೇ ಕ್ಲಾಸಿಗೇ ಸ್ಲೇಟು ಬಿಟ್ಟವಳಾದ ನಾನು ಒಬ್ಬ ಜಡ್ಜನ್ನೂ ಪರೀಕ್ಷೆ ಮಾಡುತ್ತೇನೆಂದು ಕನಸಲ್ಲೂ ಎಣಿಸಿರಲಿಲ್ಲ. ಕನಸಿನ ಮಾತು ಬಂತು. ಆಮೇಲೆ ಹೇಳುತ್ತೇನೆ.

ಮೊಮ್ಮಗಳು ಸವಿತಾ ಜಡ್ಜು. ಇಷ್ಟು ದಿನ ಹೊಡೆದಾಟ, ಕಳ್ಳತನದ ಕೇಸುಗಳನ್ನು ನೋಡುತ್ತಿದ್ದಳು. ವ್ಯಾಪಾರದ ತಕರಾರುಗಳಿಗೆಂದೇ ಬೇರೆ ಕೋರ್ಟು ಇದೆಯಂತೆ. ಅಲ್ಲಿಗೆ, ಇರುವ ಜಡ್ಜುಗಳಲ್ಲೇ ವ್ಯಾಪಾರದ ಒಳಹೊರಗು ಬಲ್ಲವರನ್ನು ಹುಡುಕಿ ಹಾಕುತ್ತಾರಂತೆ. ಆ ಕೋರ್ಟಿಗೆ ಹೋಗಲೇಬೇಕೆಂದು ಅವಳಿಗೆ ಹಂಬಲ. ಸೋಮವಾರ ದೊಡ್ಡ ಜಡ್ಜುಗಳು ಕರೆದು ಮಾತಾಡಿಸುವವರಿದ್ದರು. ಅದಕ್ಕೆ ಎರಡು ದಿನ ರಜೆ ಹಾಕಿ, ದಿಂಬಿನಷ್ಟು ದಪ್ಪದ ಪುಸ್ತಕ ಹೊತ್ತು ಊರಿಗೆ ಬಂದಳು.

"ಯಾಪಾರ ಪುಸ್ತಕದಾಗೆ ಎಲ್ಲವ್ವಾ ಐತೆ? ನೀನು ಒಂದಿನ ಆದ್ರೂ ಬೆಲ್ಲ ಮಾರಿದ್ದೀಯಾ?" ಎಂದು ಕೇಳಿದೆ.

"ಕೇಸು ನಡ್ಸೋಕೆ ಬೆಲ್ಲ ಮಾರ್ಬೇಕಾ ಅಜ್ಜಿ?"

"ಮಾರ್ಬೇಡ. ನಾಲ್ಗೆ ಮ್ಯಾಲೆ ಇಕ್ಕಂಡು ನೋಡಕ್ಕಾದ್ರೂ ಬರ್ಬೇಕು. ಇಲ್ದಿದ್ರೆ ಬೆಲ್ಲ ಕೊಳ್ಳೋ ಮಂಡಿಯವ್ನು ಏನಂದ್ರೂ ನೀನು ಊ ಅಂತೀಯ."

ಊಟವಾದ ಮೇಲೆ ಅವಳು ಓದುತ್ತಿದ್ದಳು. ನಾನು ಕಂಬಕ್ಕೆ ಒರಗಿದೆ. ಹಿತ್ತಲಾಚೆ ನಮ್ಮ ಆಲೆಮನೆ. ಅಲ್ಲಿ ಕಬ್ಬಿನ ಹಾಲು ಕುದಿಯುವಾಗ ಹಬೆ ಮೆಲ್ಲಗೆ ತೇಲಿಕೊಂಡು ಜಗುಲಿಯವರೆಗೂ ಬರುತ್ತದೆ. ಆ ವಾಸನೆಯಲ್ಲಿ ಕಣ್ಣು ಮುಚ್ಚಿದರೆ ನಾನು ಯಾವ ಕಾಲದಲ್ಲಿದ್ದೇನೆಂದೇ ತಿಳಿಯುವುದಿಲ್ಲ. ಮದುವೆಯಾಗಿ ಬಂದ ದಿನವೂ ಇದೇ ವಾಸನೆ, ಗಂಡ ಹೋದ ದಿನವೂ ಇದೇ. ಹಾಗೇ ಜೊಂಪು ಹತ್ತಿತು. ನಾನೊಂದು ಎತ್ತರದ ಕುರ್ಚಿಯ ಮೇಲೆ ಕೂತಿದ್ದೇನೆ, ಕಾಲು ನೆಲಕ್ಕೆ ಎಟಕುತ್ತಿಲ್ಲ. ಎದುರಿಗೆ ನಾಲೆ ಏರಿಯುದ್ದಕ್ಕೂ ಕರಿ ಕೋಟಿನ ಜಡ್ಜುಗಳ ಸಾಲು. ಒಬ್ಬೊಬ್ಬರ ಅಂಗೈಯಲ್ಲೂ ಒಂದೊಂದು ಅಚ್ಚು ಬೆಲ್ಲ, ಕೋಟುಗಳಿಂದ ಹಬೆ ಏಳುತ್ತಿದೆ. ನಾನು ಒಬ್ಬೊಬ್ಬರದೇ ಹಲ್ಲು ನೋಡಿ ಮುಂದಕ್ಕೆ ಕಳಿಸುತ್ತಿದ್ದೇನೆ. ಪಾಪ, ಯಾರೂ ತಕರಾರು ಮಾಡಲಿಲ್ಲ.

ಎಚ್ಚರವಾದರೂ ಕುರ್ಚಿಯಿಂದ ಇಳಿದ ಹಾಗೆ ಅನಿಸಲಿಲ್ಲ. ಅದೇ ಗುಂಗಿನಲ್ಲಿ ಒಳಗೆ ಹೋಗಿ ತಟ್ಟೆಯಲ್ಲಿ ಮೂರು ತುಂಡು ಬೆಲ್ಲ ಇಟ್ಟುಕೊಂಡು ಬಂದೆ. ಒಂದು ಕೆ.ಆರ್. ಪೇಟೆ ನೆಂಟರು ಕೊಟ್ಟದ್ದು, ಒಂದು ಶ್ರೀರಂಗಪಟ್ಟಣದ ಅಂಗಡಿಯದು, ಒಂದು ನಮ್ಮ ಆಲೆಮನೆಯದು. ಯಾವುದು ಯಾರದೆಂದು ಅವಳಿಗೆ ಹೇಳಲಿಲ್ಲ.

"ಇದ್ರಾಗೆ ಒಂದಕ್ಕೆ ಬೆಳ್ಳಗಾಗೋ ಪುಡಿ ಬಿದ್ದೈತೆ. ಯಾವ್ದು ಅಂತ ತೋರ್ಸು. ತಪ್ಪಿದ್ರೆ ಸೋಮವಾರ ಓಗ್ಲೇಬೇಡ" ಎಂದೆ. ಅಂಗಡಿಯದೇ ಎಂದು ನನಗೆ ಖಾತ್ರಿಯಿತ್ತು.

ಸವಿತಾ ಬಾಯಿಗೆ ಹಾಕಿಕೊಳ್ಳಲೇ ಇಲ್ಲ. ಬಿಸಿಲಿಗೆ ಹಿಡಿದಳು, ಮೂಸಿದಳು, ಎಲ್ಲಕ್ಕಿಂತ ಬೆಳ್ಳಗಿದ್ದ ತುಂಡನ್ನು ಪಕ್ಕಕ್ಕಿಟ್ಟಳು. "ಇದು ಅಜ್ಜಿ."

ನನಗೆ ನಗು ತಡೆಯಲಿಲ್ಲ. "ಅದು ನಮ್ದೇ ಕಣವ್ವ. ನೀನು ಫೇಲು. ಓಗಿ ಕಳ್ಳರ ಕೇಸೇ ನೋಡ್ಕಂಡಿರು."

ಅಷ್ಟರಲ್ಲಿ ಅವಳ ಅಪ್ಪ, ಅಂದರೆ ನನ್ನ ಹಿರಿಮಗ ನಿಂಗರಾಜ, ಆಲೆಮನೆಯಿಂದ ನೀರು ಕುಡಿಯಲು ಬಂದ. ಅವನು ಚೊಂಬು ಎತ್ತುತ್ತಿದ್ದ ಹಾಗೆ ಇವಳು ಕೇಳಿದಳು, "ಅಪ್ಪ, ಹೋದ್ವರ್ಷ ನಮ್ ಬೆಲ್ಲ ಕೆಂಪಗಿತ್ತು. ಅದೇ ಗದ್ದೆ, ಅದೇ ಕಬ್ಬು. ಈ ವರ್ಷ ಹೆಂಗೆ ಬೆಳ್ಳಗಾಯ್ತು?"

"ಮಳೆ ಚೆಂದಾಗಾಯ್ತಲ್ಲ ಮಗ."

"ಮಳೆ ಆದ್ರೆ ಬೆಲ್ಲ ಬೆಳ್ಳಗಾಯ್ತದಾ?"

ಸವಿತಾ ಅಪ್ಪನ ಮುಖವನ್ನೇ ನೋಡುತ್ತಾ ಕೂತಳು. ಗದರಿದರೆ ಅವನು ತಿರುಗಿ ಗದರುತ್ತಿದ್ದ, ಬರೀ ನೋಡುವವಳಿಗೆ ಏನು ಮಾಡುತ್ತಾನೆ. ಚೊಂಬು ಕೆಳಗಿಟ್ಟ.

"ಮಂಡಿಯೋರು ಬೆಳ್ಳಗಿದ್ರೇನೇ ಮುಟ್ಟೋದು ಕಣವ್ವ. ಒಂದ್ ಚೂರು ಆಕ್ತೀನಿ. ಎಲ್ರೂ ಆಕ್ತಾವ್ರೆ."

"ಯಾವತ್ತಿಂದ್ಲಾ?" ಎಂದೆ ನಾನು.

"ಯುಗಾದಿಯಿಂದ. ನೀನೇ ದಿನಾ ತಿಂದು, ನಮ್ಮನೆ ಬೆಲ್ಲದಂಗೆ ಯಾರ್ದೂ ಇಲ್ಲ ಅಂತ ಬೀದಿಗೆಲ್ಲ ಹಂಚ್ಕಂಡು ಬತ್ತಿದ್ದೆಯಲ್ಲವ್ವ" ಎಂದ, ತಪ್ಪೆಲ್ಲ ನನ್ನ ನಾಲಿಗೆಯದು ಅನ್ನುವ ಹಾಗೆ.

ಪರೀಕ್ಷೆ ಮಾಡಿದವಳು ನಾನು, ಫೇಲಾದವಳೂ ನಾನು. ತಟ್ಟೆ ಎತ್ತಿಕೊಂಡು ಒಳಗೆ ಹೋದೆ. ಆ ಸಂಜೆ ನಿಂಗರಾಜ, ಇನ್ನು ಹಾಕುವುದಿಲ್ಲ ಎನ್ನುವ ಹಾಗೆ, ಪುಡಿಯ ಡಬ್ಬವನ್ನು ತಂದು ಮಗಳ ಮುಂದಿಟ್ಟ. ನನಗೆ ಮಾತ್ರ ಯಾರೂ ಏನೂ ತಂದಿಡಲಿಲ್ಲ.

ಅವಳನ್ನು ಆ ಕೋರ್ಟಿಗೆ ಆರಿಸಿದರು. ಫೋನಿನಲ್ಲಿ ಸುದ್ದಿ ಹೇಳಿದಾಗ ಮಧ್ಯಾಹ್ನ, ಅದೇ ಜೊಂಪಿನ ಹೊತ್ತು. ಅವಳ ದನಿಯೂ ಹಬೆಯಲ್ಲಿ ತೇಲಿಬಂದ ಹಾಗಿತ್ತು.

"ಏನ್ ಕೇಳುದ್ರವ್ವ?"

"ನಿಮ್ಮನೇಲಿ ಯಾರಾದ್ರೂ ವ್ಯಾಪಾರ ಮಾಡ್ತಾರಾ ಅಂದ್ರು. ಬೆಲ್ಲ ಮಾಡ್ತಾರೆ, ಅವರ ಕೇಸೇನಾದ್ರೂ ಬಂದ್ರೆ ನಾನು ನೋಡಲ್ಲ, ಬೇರೆ ಜಡ್ಜಿಗೆ ಕಳಿಸ್ತೀನಿ ಅಂದೆ. ನಿಂಗೆ ಬೇಜಾರಾ ಅಜ್ಜಿ?"

ಬೇಜಾರೇನು ಬಂತು. ಬೇರೆ ಜಡ್ಜಾದರೆ ನಮಗೆ ಗೆಲ್ಲುವ ಆಸೆಯಾದರೂ ಇರುತ್ತದೆ.