ರಂಗಕ್ಕೆ ಬೆನ್ನು ಹಾಕಿ ಕುಳಿತವನು

ಅಂದಿನ ರಾದ್ಧಾಂತಕ್ಕೆಲ್ಲ ಮೂಲ ಒಂದು ಕುರ್ಚಿ. ಸಭಾಂಗಣದ ಕುರ್ಚಿಗಳೆಲ್ಲ ರಂಗದ ಕಡೆ ಮುಖ ಮಾಡಿದ್ದರೆ ಇದೊಂದು ಮಾತ್ರ ಜನರ ಕಡೆ ತಿರುಗಿತ್ತು. ಅದರಲ್ಲಿ, ತೊಡೆಯ ಮೇಲೆ ನೋಟ್‌ಬುಕ್ ಇಟ್ಟುಕೊಂಡು, ಟಿಪ್ಪಣಿ ಕುಳಿತಿದ್ದ.

ಟಿಪ್ಪಣಿ ಎನ್ನುವುದು ಅಕ್ಕಪಕ್ಕದವರು ಇಟ್ಟ ಹೆಸರು. ಪ್ರದರ್ಶನ ಕಲೆಯ ಬಗ್ಗೆ ಎಂಟು ವರ್ಷದಿಂದ ಸಂಶೋಧನೆ ಮಾಡುತ್ತಿದ್ದ ಅವನ ಕಣ್ಣಿಗೆ ಎಲ್ಲವೂ ನಾಟಕವೇ. ಬೀಗರು ಮುನಿಸಿಕೊಂಡರೂ ಬರೆದುಕೊಳ್ಳುತ್ತಿದ್ದ, ಸಾವಿನ ಮನೆಯಲ್ಲಿ ಯಾರು ಯಾರನ್ನು ನೋಡಿ ಅತ್ತರು ಎಂದೂ ಬರೆದುಕೊಳ್ಳುತ್ತಿದ್ದ. ಪ್ರಬಂಧ ಮಾತ್ರ ಮುಗಿದಿರಲಿಲ್ಲ.

“ನಟರ ಬಗ್ಗೆ ಮುನ್ನೂರು ಪುಟ ಬರ್ದಿದ್ದೀಯ. ನೋಡೋರು ಎಲ್ಲಯ್ಯಾ?” ಎಂದಿದ್ದರು ಅವನ ಪ್ರೊಫೆಸರು. “ನೋಡೋರಿಲ್ದೆ ನಾಟಕ ಉಂಟಾ? ಸೋಮವಾರ ಪ್ರೇಕ್ಷಕರ ಅಧ್ಯಾಯ ನನ್ನ ಮೇಜಿನ ಮೇಲಿರ್ಬೇಕು. ಇಲ್ಲಾಂದ್ರೆ ನಿನ್ನ ನೋಂದಣಿ ರದ್ದು.”

ಆ ವಾರ ಊರಲ್ಲಿ ಇದ್ದದ್ದು ಒಂದೇ ನಾಟಕ. ಆಸ್ಪತ್ರೆಯ ಸಿಬ್ಬಂದಿಯದು, ಭಾನುವಾರ ಮಧ್ಯಾಹ್ನ. ಮುಖ್ಯ ಪಾತ್ರ ಟಿಪ್ಪಣಿಯ ಹೆಂಡತಿಯದೇ. ಆಸ್ಪತ್ರೆಯಲ್ಲಿ ದಿನವಿಡೀ ಮೈಕು ಹಿಡಿದು ರೋಗಿಗಳ ಹೆಸರು ಕೂಗುವ ಅವಳಿಗೆ, ನಿರ್ದೇಶನ ಮಾಡುತ್ತಿದ್ದ ಕಂಪೌಂಡರು ಮೂಕ ತಾಯಿಯ ಪಾತ್ರ ಕೊಟ್ಟಿದ್ದರು. ಹೇಳಬೇಕಾದ್ದನ್ನೆಲ್ಲ ಕಣ್ಣಿನಲ್ಲೇ ಹೇಳಬೇಕು. ಎರಡು ತಿಂಗಳು ಅವಳು ಮನೆಯಲ್ಲೂ ಮಾತಾಡದೆ ಅಭ್ಯಾಸ ಮಾಡಿದಳು. ಈಚೆಗೆ ಮನೆ ಎಷ್ಟು ಪ್ರಶಾಂತವಾಗಿದೆ, ಬರೆಯುವುದಕ್ಕೆ ಎಷ್ಟು ಅನುಕೂಲ ಎಂದು ಟಿಪ್ಪಣಿ ಸಂತೋಷಪಟ್ಟಿದ್ದ.

ಹೊರಡುವಾಗ ಅವಳು ಕೇಳಿದ್ದಳು, “ರೀ, ಮುಂದಿನ ಸಾಲಲ್ಲೇ ಕೂತ್ಕೋತೀರಲ್ವಾ?”

“ಅದಕ್ಕಿಂತ ಮುಂದೇನೇ ಕೂತ್ಕೋತೀನಿ ನೋಡು.”

ಅವಳು ಮುಖ ಅರಳಿಸಿಕೊಂಡು ಹೋಗಿದ್ದಳು.

ಇನ್ನೂ ಪರದೆ ಏಳುವ ಮೊದಲೇ ಮೊದಲ ಸಾಲಿನಿಂದ ಕಂಪೌಂಡರ ವಯಸ್ಸಾದ ಅತ್ತೆ ಶುರು ಮಾಡಿದರು. “ಏನಪ್ಪಾ, ನಾಟಕ ಆ ಕಡೆ ಇರೋದು!”

“ನಂಗೆ ಈ ಕಡೆ ಅಮ್ಮಾ.”

ಅಜ್ಜಿ ಪಕ್ಕದವರ ಕಿವಿಗೆ ಬಾಗಿದರು. “ಪಾಪ, ಹೆಂಡ್ತಿ ಜೊತೆ ಏನೋ ಮನಸ್ತಾಪ ಇರ್ಬೇಕು.” ಸುದ್ದಿ ಸಾಲಿನಿಂದ ಸಾಲಿಗೆ ದಾಟಿತು. ಎರಡನೆಯ ಸಾಲಿನಲ್ಲಿ ಮನಸ್ತಾಪವಾಗಿದ್ದದ್ದು ಐದನೆಯದರಲ್ಲಿ ಜಗಳವಾಯಿತು, ಹತ್ತನೆಯದನ್ನು ಮುಟ್ಟುವ ಹೊತ್ತಿಗೆ ವಕೀಲರೇ ಬಂದಿದ್ದರು.

ಮೂಳೆ ಡಾಕ್ಟರಿಗೆ ಮಾತ್ರ ಬೇರೆ ಅನುಮಾನ. ಎದ್ದು ಬಂದವರೇ, “ಕತ್ತು ತಿರುಗ್ತಾ ಇಲ್ವಾ? ಸ್ವಲ್ಪ ಸಡಿಲ ಬಿಡಿ,” ಎಂದು ಅವನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು, ಡಬ್ಬಿಯ ಮುಚ್ಚಳ ತೆಗೆಯುವಂತೆ ತಿರುವಿದರು. ಲಟಕ್ ಎಂದಿತು. ಅಲ್ಲಿಯವರೆಗೆ ಚೆನ್ನಾಗಿದ್ದ ಕತ್ತು ಹಿಡಿದುಕೊಂಡಿತು. “ನಾಳೆ ಬಂದು ತೋರ್ಸಿ,” ಎಂದು ಡಾಕ್ಟರು ಹೋಗಿ ಕುಳಿತರು.

ನಾಟಕ ಶುರುವಾಯಿತು. ಟಿಪ್ಪಣಿ ಪೆನ್ನು ಎತ್ತಿದ ಕೂಡಲೇ ದಾಖಲೆ ವಿಭಾಗದ ಗುಮಾಸ್ತ ಫೋಟೋ ತೆಗೆಯುತ್ತಾರೇನೋ ಎಂಬಂತೆ ನೆಟ್ಟಗೆ ಕುಳಿತು ಕ್ರಾಪು ಸರಿಮಾಡಿಕೊಂಡ. ಅಜ್ಜಿ ನಗುವ ದೃಶ್ಯದಲ್ಲೂ ಕಣ್ಣೊರೆಸಿಕೊಂಡರು, ಅವನು ಬರೆದುಕೊಂಡನೇ ಎಂದು ಸೆರಗಿನ ಮರೆಯಿಂದ ಇಣುಕಿದರು. ಟಿಪ್ಪಣಿಗೆ ಆಗ ಹೊಳೆಯಿತು. ಇವರು ನಾಟಕ ನೋಡುತ್ತಿಲ್ಲ, ನಾಟಕ ನೋಡುವವರ ಪಾತ್ರ ಮಾಡುತ್ತಿದ್ದಾರೆ! ಹಾಗಾದರೆ ಇವರನ್ನು ನೋಡುತ್ತಿರುವ ತಾನು ಯಾರು? ಆ ಪ್ರಶ್ನೆಗೆ ಅವನು ಓದಿದ ಯಾವ ಸಿದ್ಧಾಂತದಲ್ಲೂ ಉತ್ತರವಿರಲಿಲ್ಲ.

ಕೊನೆಯ ದೃಶ್ಯ ಬಂತು. ಮಗ ಮನೆ ಬಿಟ್ಟು ಹೊರಟಿದ್ದಾನೆ, ಹಿಂದಿರುಗಿ ನೋಡುತ್ತಿಲ್ಲ. ಕೂಗಿ ಕರೆಯಲು ತಾಯಿಗೆ ದನಿಯಿಲ್ಲ. ರಂಗದ ಮೇಲೆ ಏನಾಯಿತೋ, ಗುಮಾಸ್ತನ ಕೈ ಕ್ರಾಪಿನಲ್ಲೇ ನಿಂತಿತು. ಅಜ್ಜಿ ಬಾಯಿ ತೆರೆದವರು ಮುಚ್ಚುವುದನ್ನು ಮರೆತರು. ಮೂಳೆ ಡಾಕ್ಟರು ಕನ್ನಡಕ ತೆಗೆದು ಸುಮ್ಮನೆ ಕೈಯಲ್ಲಿ ಹಿಡಿದುಕೊಂಡರು. ಟಿಪ್ಪಣಿ ಅಲ್ಲಿರುವುದೇ ಯಾರಿಗೂ ನೆನಪಿರಲಿಲ್ಲ. ಎಂಟು ವರ್ಷದಲ್ಲಿ ಅವನು ಇಂಥ ಮುಖಗಳನ್ನು ಕಂಡಿರಲಿಲ್ಲ. ನನ್ನ ಹೆಂಡತಿ ಇಷ್ಟು ದೊಡ್ಡ ಕಲಾವಿದೆಯೇ! ಒಮ್ಮೆ ಎದ್ದು ತಿರುಗಿ ನೋಡಿಬಿಡಲೇ ಎನಿಸಿತು. ಆದರೆ ಆ ಒಂದು ಗಳಿಗೆ ಈ ಮುಖಗಳನ್ನು ನೋಡುವವರು ಯಾರು? ಅವನು ತಿರುಗಲಿಲ್ಲ. ಅಕ್ಷರ ಮಂಜಾಗುವವರೆಗೂ ಬರೆದ.

ಚಪ್ಪಾಳೆ ಮುಗಿಯುತ್ತಲೇ ಬಣ್ಣದ ಕೋಣೆಗೆ ಓಡಿದ. ಹೆಂಡತಿ ಮುಖ ತೊಳೆದು, ಚೀಲ ಹಿಡಿದು, ಬೆಂಚಿನ ಮೇಲೆ ಕುಳಿತಿದ್ದಳು.

“ಏನು ಅಭಿನಯ ಕಣೇ! ಜನ ಉಸಿರಾಡ್ಲಿಲ್ಲ. ಮಗ ಹೋಗೋವಾಗ ನೀನು ಮಾಡಿದ್ದು ಇದೆಯಲ್ಲ...”

“ಏನು ಮಾಡ್ದೆ?”

“ಅದನ್ನ ಮಾತಲ್ಲಿ ಹೇಳೋಕಾಗಲ್ಲ.”

ಅಷ್ಟರಲ್ಲಿ ಮಕ್ಕಳ ವಾರ್ಡಿನ ಆಯಾ ಒಳಗೆ ಬಂದಳು. ಅವಳ ಮುಖದ ತುಂಬ ಬಣ್ಣ, ಕೆನ್ನೆಯ ಮೇಲೆ ಕಣ್ಣೀರಿನ ಗೆರೆ. “ಅಕ್ಕಾ, ನಿಮ್ಮ ಪ್ರಾಕ್ಟೀಸು ದಿನಾ ನೋಡಿದ್ದಕ್ಕೆ ಬಚಾವಾದೆ. ಹೇಗೋ ಮಾಡ್ಬಿಟ್ಟೆ.”

ಟಿಪ್ಪಣಿ ಆಯಾಳ ಬಣ್ಣದ ಮುಖವನ್ನೊಮ್ಮೆ, ಹೆಂಡತಿಯ ತೊಳೆದ ಮುಖವನ್ನೊಮ್ಮೆ ನೋಡಿದ.

“ಪರದೆ ಸಂದಿಯಿಂದ ನೋಡ್ದೆ,” ಎಂದಳು ಹೆಂಡತಿ. “ನಿಮ್ಮ ಬೆನ್ನು ಕಾಣಿಸ್ತು. ಎರಡು ತಿಂಗಳು ಬಾಯಿ ಕಟ್ಕೊಂಡು ಕಲ್ತಿದ್ದು ಈ ಬೆನ್ನಿಗೆ ತೋರ್ಸೋಕಾ ಅನ್ನಿಸ್ತು. ವೇಷ ಇವಳಿಗೆ ಕೊಟ್ಟೆ.”

“ಮತ್ತೆ... ನೀನೆಲ್ಲಿದ್ದೆ?”

“ಕೊನೇ ಸಾಲಲ್ಲಿ. ಅಷ್ಟೊಂದು ಆಸ್ಥೆಯಿಂದ ಏನು ನೋಡ್ತೀರೋ ಅಂತ ಉದ್ದಕ್ಕೂ ನಿಮ್ಮನ್ನೇ ನೋಡ್ತಾ ಇದ್ದೆ.”

ಟಿಪ್ಪಣಿಗೆ ಹೋದ ಜೀವ ಬಂದಂತಾಯಿತು. “ಹಾಗಾದ್ರೆ ನಾನೂ ನಿನ್ನ ನೋಡೇ ಇರ್ತೀನಿ! ಸಭೇಲಿ ಒಬ್ಬರನ್ನೂ ಬಿಟ್ಟಿಲ್ಲ. ಬೇಕಾದ್ರೆ ನೋಡ್ಕೋ,” ಎಂದು ನೋಟ್‌ಬುಕ್ ಅವಳ ಕೈಗೇ ಕೊಟ್ಟ.

ಅವಳು ಪುಟ ಮಗುಚಿದಳು. ಒಂದು ಕಡೆ ಬೆರಳು ನಿಂತಿತು. ಆಯಾಳಿಗೂ ಕೇಳುವಂತೆ ಓದಿದಳು: “ಕೊನೆಯ ಸಾಲು, ಕಂಬದ ಪಕ್ಕ. ಶಾಲು ಹೊದ್ದ ಹೆಂಗಸು. ರಂಗದ ಕಡೆ ಗಮನವೇ ಇಲ್ಲ. ನಿಜವಾದ ಪ್ರೇಕ್ಷಕಳಲ್ಲ. ಕೈಬಿಡಬೇಕು.”

ನೋಟ್‌ಬುಕ್ ಮುಚ್ಚಿ ಅವನ ಕೈಗಿಟ್ಟಳು.

“ಅಕ್ಷರ ಮಾತ್ರ ದುಂಡಗಿದೆ,” ಎಂದು ಚಪ್ಪಲಿ ಮೆಟ್ಟಿಕೊಂಡಳು.