ಗೆರಿಲ್ಲಾ ಯುದ್ಧ: ಅತ್ತೆಯ ತಿದ್ದುಪಡಿಗಳ ಸಹಿತ

ನಮ್ಮ ಸೋದರತ್ತೆಯ ಹತ್ತಿರ ಒಂದು ಸೈನ್ಯವಿದೆ. ನಗಬೇಡಿ, ನಿಜವಾಗಿಯೂ ಇದೆ! ಎಪ್ಪತ್ತೊಂದು ವರ್ಷದ, ಮಂಡಿನೋವಿನ, ಕಾಫಿಗೆ ಮುಂಚೆ ತುಳಸಿಗೆ ನೀರು ಹಾಕುವ ಈ ಹೆಂಗಸು ವಿಮಾನಪುರದ ಒಂದು ಅಡ್ಡರಸ್ತೆಯಲ್ಲಿ ಎಂಟು ತಿಂಗಳಿಂದ ಗೆರಿಲ್ಲಾ ಯುದ್ಧ ನಡೆಸುತ್ತಿದ್ದಾಳೆ. ಸೈನ್ಯದಲ್ಲಿರುವುದು ಒಬ್ಬನೇ ಸೈನಿಕ. ಅವನಿಗೆ ಎಪ್ಪತ್ತಾರು. ಅವನಿಗೋ ಯುದ್ಧಕ್ಕೆ ಬರಲು ಸುತರಾಂ ಇಷ್ಟವಿಲ್ಲ!

ಆ ಸೈನಿಕ ನಮ್ಮ ಮಾವ, ಅಂದರೆ ಅತ್ತೆಯ ಗಂಡ. ವಿಮಾನ ಕಾರ್ಖಾನೆಯಲ್ಲಿ ತಗಡು ಜೋಡಿಸುವ ರಿವೆಟ್ ಹೊಡೆದವರು. ಅವರು ರಿವೆಟ್ ಹೊಡೆದ ರೆಕ್ಕೆಗಳು ಎಲ್ಲೆಲ್ಲೋ ಹಾರಾಡಿ ಬಂದಿವೆ. ಅವರು ಮಾತ್ರ ಎರಡು ವರ್ಷದಿಂದ ಮನೆಯ ಗೇಟು ದಾಟಿರಲಿಲ್ಲ. ಕಾರಣ ಇಷ್ಟೇ. ನಮ್ಮ ಅಡ್ಡರಸ್ತೆ ಮೇನ್ ರೋಡಿಗೆ ಸೇರುವ ಮೂಲೆಯಲ್ಲಿ ಫುಟ್‌ಪಾತಿನ ಒಂದು ಚಪ್ಪಡಿ ಮುರಿದಿದೆ. ಒಂದು ಬೆಳಿಗ್ಗೆ ಪೇಪರು ತರಲು ಹೋದ ಮಾವ ಅದರೊಳಗೆ ಕಾಲಿಟ್ಟು ಬಿದ್ದರು. ಸೊಂಟದ ಮೂಳೆ ಮುರಿಯಿತು, ಪ್ಲೇಟು ಹಾಕಿದರು, ಕೂಡಿಕೊಂಡಿತು. ಧೈರ್ಯ ಮಾತ್ರ ಕೂಡಲಿಲ್ಲ. ಹೊರಗೆ ಅಂದರೆ ಸಾಕು, ಮಾವನ ಕೈ ಕುರ್ಚಿಯ ಹಿಡಿಯನ್ನು ಗಟ್ಟಿಯಾಗಿ ಹಿಡಿದುಬಿಡುತ್ತಿತ್ತು. ಡಾಕ್ಟರು ಅತ್ತೆಯನ್ನು ಪಕ್ಕಕ್ಕೆ ಕರೆದು, "ಹೀಗೇ ಕೂತಿದ್ರೆ ಇನ್ನೊಂದು ವರ್ಷದಲ್ಲಿ ಮಂಚ ಹಿಡೀತಾರಮ್ಮಾ, ಆಮೇಲೆ ನನ್ನ ಕೈಲೂ ಏನೂ ಆಗಲ್ಲ" ಅಂದಿದ್ದರು. ಆ ಮಾತು ಅತ್ತೆಗೆ ಗೊತ್ತು, ನನಗೆ ಗೊತ್ತು. ಮಾವನಿಗೆ ಹೇಳಿರಲಿಲ್ಲ.

ಇನ್ನು ಅತ್ತೆಯ ವಿಷಯ. ಅವಳು ಕಥೆ ಓದುವುದಿಲ್ಲ, ಕಾದಂಬರಿ ಓದುವುದಿಲ್ಲ, ಇಂಥ ಪ್ರಬಂಧಗಳನ್ನಂತೂ ಮುಟ್ಟಿಯೂ ನೋಡುವುದಿಲ್ಲ. (ಅದಕ್ಕೇ ನನಗೆ ಇಷ್ಟು ಧೈರ್ಯ!) ಓದುವುದು ಕೈಪಿಡಿಗಳನ್ನು ಮಾತ್ರ. ಮನೆಗೆ ಹೊಸ ಮಿಕ್ಸಿ ಬಂದರೆ ನಾನೂ ನೀವೂ ಏನು ಮಾಡುತ್ತೇವೆ? ಚಟ್ನಿ ರುಬ್ಬುತ್ತೇವೆ. ಅತ್ತೆ ಮಿಕ್ಸಿಯನ್ನು ಪಕ್ಕಕ್ಕಿಟ್ಟು ಅದರ ಜೊತೆ ಬಂದ ಪುಸ್ತಕವನ್ನು ಕನ್ನಡಕ ಹಾಕಿಕೊಂಡು ಮೊದಲಿಂದ ಕೊನೆಯವರೆಗೆ ಓದುತ್ತಾಳೆ. ಗೀಸರಿನ ಪುಸ್ತಕವನ್ನು ಎರಡನೇ ಸಲ ಓದಿ, "ಈ ಸಲ ಇನ್ನೂ ಚೆನ್ನಾಗಿತ್ತು ಕಣೇ" ಅಂದವಳು.

ಇದು ಹುಚ್ಚಲ್ಲ, ಉದ್ಯೋಗದಿಂದ ಅಂಟಿದ ಅಭ್ಯಾಸ. ಅತ್ತೆಯೂ ಅದೇ ಕಾರ್ಖಾನೆಯಲ್ಲಿದ್ದವಳು. ವಿಮಾನದ ರಿಪೇರಿ ಕೈಪಿಡಿಗಳನ್ನು ಇಟ್ಟುಕೊಳ್ಳುವ ವಿಭಾಗ ಅವಳದು. ಅಲ್ಲಿ ಒಂದು ಪದ್ಧತಿಯಿದೆ. ಯಾವುದೋ ಬೋಲ್ಟಿನ ಅಳತೆ ಬದಲಾಯಿತೆನ್ನಿ. ಹೊಸ ಪುಟ ಬರುತ್ತದೆ. ಹಳೇ ಪುಟ ಕಿತ್ತು, ಹೊಸದನ್ನು ಸೇರಿಸಿ, ಪುಸ್ತಕದ ಮೊದಲ ಹಾಳೆಯಲ್ಲಿ ತಿದ್ದುಪಡಿಯ ಸಂಖ್ಯೆ ಬರೆದು ಸಹಿ ಹಾಕಬೇಕು. ಸಹಿ ಬೀಳುವವರೆಗೆ ಆ ಪುಸ್ತಕ ಯಾರಿಗೂ ಕೊಡುವಂತಿಲ್ಲ. "ಹಳೇ ಪುಟ ನೋಡ್ಕೊಂಡು ವಿಮಾನ ಹಾರಿಸೋಕಾಗುತ್ತಾ?" ಎನ್ನುವುದು ಅತ್ತೆಯ ಜೀವನದರ್ಶನ. ನಿವೃತ್ತಿಯಾದ ಮೇಲೆ ಈ ದರ್ಶನ ನಮ್ಮೆಲ್ಲರ ಮೇಲೂ ಬಿತ್ತು. ನನ್ನ ಸಾರಿನಪುಡಿಯ ಚೀಟಿಯಲ್ಲೇ ಮೂರು ತಿದ್ದುಪಡಿಗಳಿವೆ, ಮೂರಕ್ಕೂ ಸಹಿಯಿದೆ!

ಹೀಗಿರುವಾಗ ಒಂದು ದಿನ ಮಿಕ್ಸಿ ಜಾರಿನ ರಬ್ಬರ್ ರಿಂಗು ಹುಡುಕಿಕೊಂಡು ನಾವಿಬ್ಬರೂ ಶಿವಾಜಿನಗರಕ್ಕೆ ಹೋದೆವು. ರಸೆಲ್ ಮಾರುಕಟ್ಟೆಯ ಆಚೆ, ಹಳೇ ಪುಸ್ತಕಗಳನ್ನು ನೆಲದ ಮೇಲೆ ರಾಶಿ ಹಾಕಿ ಕೂತಿದ್ದರು ಒಬ್ಬ ಸಾಬರು. ಅತ್ತೆ ಬಗ್ಗಿ ಒಂದು ಪುಸ್ತಕ ಎತ್ತಿಕೊಂಡಳು. ಮೂಲೆ ಹರಿದ ಕೆಂಪು ರಟ್ಟು. ಯಾವುದೋ ದೂರದೇಶದ, ಲೋಕಪ್ರಸಿದ್ಧ ಕ್ರಾಂತಿಕಾರಿಯೊಬ್ಬ ತನ್ನ ಅನುಭವದಿಂದ ಬರೆದ ಗೆರಿಲ್ಲಾ ಯುದ್ಧದ ಪುಸ್ತಕದ ಕನ್ನಡ ಅನುವಾದ. ಅತ್ತೆಗೆ ಕ್ರಾಂತಿಯೂ ಕಾಣಲಿಲ್ಲ, ಯುದ್ಧವೂ ಕಾಣಲಿಲ್ಲ. ಕಂಡದ್ದು ಕೆಳಗೆ ಸಣ್ಣ ಅಕ್ಷರದಲ್ಲಿದ್ದ 'ಕೈಪಿಡಿ' ಎಂಬ ಒಂದೇ ಪದ.

ಸಾಬರು ಅವಳನ್ನೂ ಅವಳ ಕೈಚೀಲದಿಂದ ಇಣುಕುತ್ತಿದ್ದ ಕೊತ್ತಂಬರಿಯನ್ನೂ ನೋಡಿದರು. "ಅಮ್ಮಾ, ಅದು ಲಡಾಯಿ ಕಿತಾಬು. ರಂಗೋಲಿ ಪುಸ್ತಕ ಐತೆ, ಕೊಡ್ಲಾ?"

"ರಂಗೋಲಿ ನಂಗೆ ಬರುತ್ತಪ್ಪಾ," ಅಂದಳು ಅತ್ತೆ. "ಇದು ಬರಲ್ಲ."

ಒಂದು ವಾರದಲ್ಲಿ ಓದಿ ಮುಗಿಸಿದಳು. ಆಮೇಲೆ ಶುರುವಾಯಿತು ನೋಡಿ ತಿದ್ದುಪಡಿ. ಪುಸ್ತಕದಲ್ಲಿ 'ಹೋರಾಟಗಾರ ತರುಣನಾಗಿರಬೇಕು' ಎಂಬರ್ಥದ ಮಾತಿತ್ತಂತೆ. ತಿದ್ದುಪಡಿ ಒಂದು: 'ತರುಣ ಎಂಬಲ್ಲಿ ಎಪ್ಪತ್ತಾರು ವರ್ಷ ಎಂದು ಓದಿಕೊಳ್ಳುವುದು.' ತಿದ್ದುಪಡಿ ಎರಡು: 'ಬೆಟ್ಟ ಎಂಬಲ್ಲಿ ರೋಡ್ ಹಂಪ್ ಎಂದು ಓದಿಕೊಳ್ಳುವುದು.' ಕೆಳಗೆ ಸಹಿ, ತಾರೀಕು. ನನಗೆ ಸ್ವಲ್ಪ ಭಯವಾಯಿತು.

"ಅತ್ತೆ, ಇದ್ರಲ್ಲಿ ಬಾಂಬು ಗೀಂಬು ಮಾಡೋದು ಇದ್ಯಾ?"

"ಇದೆ. ಆ ಪುಟಗಳನ್ನ ಕಿತ್ಹಾಕಿದೀನಿ. ನಮ್ಮ ಮಾಡೆಲ್‌ಗೆ ಅನ್ವಯಿಸಲ್ಲ."

ನಮ್ಮ ಯಜಮಾನರಿಗೆ ಈ ಸುದ್ದಿ ತಿಳಿದು ಹಳೆಯ ರಕ್ತ ಕುದಿಯಿತು. ಕಾಲೇಜಿನಲ್ಲಿದ್ದಾಗ ಅವರೂ ಇದೇ ಪುಸ್ತಕ ಓದಿದ್ದರಂತೆ. ಒಂದು ಭಾನುವಾರ ಅತ್ತೆಯ ಮನೆಯಲ್ಲಿ ಉಪ್ಪಿಟ್ಟು ತಿನ್ನುತ್ತಾ, ಆ ಕಾಲ, ಆ ಆದರ್ಶ, ಆ ಚರ್ಚೆಗಳು, ಬೆಳಗಿನ ಮೂರನೇ ಟೀ ಎಂದೆಲ್ಲ ಬಣ್ಣಿಸಿದರು. "ಅದನ್ನ ಓದಿಬಿಟ್ಟು ನಾನು ಎರಡು ವರ್ಷ ಗಡ್ಡ ಬಿಟ್ಟಿದ್ದೆ ಅತ್ತೆ!"

ಅತ್ತೆ ಕನ್ನಡಕ ಸರಿಮಾಡಿಕೊಂಡಳು. "ಗಡ್ಡ ಬಿಡಿ ಅಂತ ಯಾವ ಪುಟದಲ್ಲಿದೆ?"

"ಪುಟ ಅಂತಲ್ಲ ಅತ್ತೆ, ಅದೊಂದು ಸ್ಫೂರ್ತಿ..."

"ಸ್ಫೂರ್ತಿ ಸರಿ. ಓದಿ ಏನು ಕೆಲಸ ಮಾಡಿದ್ರಿ?"

ನಮ್ಮ ಯಜಮಾನರು ಬ್ಯಾಂಕಿನಲ್ಲಿ ಕೆಲಸ ಮಾಡಿದರು. ಅದನ್ನು ಹೇಳದೆ ಉಪ್ಪಿಟ್ಟಿನಲ್ಲಿದ್ದ ಕರಿಬೇವನ್ನು ಒಂದೊಂದಾಗಿ ಆರಿಸಿ ತಟ್ಟೆಯ ಅಂಚಿಗಿಟ್ಟರು.

ಅತ್ತೆ ಮಾಡಿದ ಕೆಲಸ ಹೀಗಿತ್ತು. ಶತ್ರು ದೊಡ್ಡವನಾದರೆ ಎದುರಾ ಎದುರು ನಿಲ್ಲಬೇಡ ಎಂದಿದೆಯಂತೆ ಪುಸ್ತಕ. ಸ್ವಲ್ಪ ನುಗ್ಗು, ಓಡಿ ಬಾ. ಮಾರನೇ ದಿನ ಇನ್ನು ಸ್ವಲ್ಪ. ಎರಡು ವರ್ಷ "ಬನ್ನಿ, ವಾಕಿಂಗ್ ಹೋಗೋಣ" ಎಂದು ಎದುರಾ ಎದುರು ನಿಂತು ಸೋತಿದ್ದ ಅತ್ತೆ, ಆಮೇಲೆ ವಾಕಿಂಗ್ ಎಂಬ ಪದವನ್ನೇ ಎತ್ತಲಿಲ್ಲ. ಮಾವನ ಕುರ್ಚಿಯನ್ನು ದಿನಕ್ಕೆ ಒಂದು ಗೇಣು ಬಾಗಿಲ ಕಡೆ ಸರಿಸತೊಡಗಿದಳು! ಹತ್ತನೇ ದಿನ ಮಾವ ಪೇಪರಿನಿಂದ ತಲೆಯೆತ್ತಿ ನೋಡುತ್ತಾರೆ, ವರಾಂಡದಲ್ಲಿದ್ದಾರೆ.

"ಏನೇ ಇದು?"

"ವಿಮೋಚಿತ ಪ್ರದೇಶ ರೀ," ಅಂದಳು ಅತ್ತೆ. "ಕಾಫಿ ತರ್ಲಾ?"

ಗೇಟಿನ ತನಕ ಬರಲು ಒಂದು ತಿಂಗಳು. ಗೇಟಿನಿಂದ ಮೂರು ಮನೆ ಆಚೆ ಒಂದು ಕಟ್ಟಡ ಏಳುತ್ತಿತ್ತು. ಅಲ್ಲಿ ಯಾದಗಿರಿ ಕಡೆಯಿಂದ ಬಂದ ನೀಲಮ್ಮ ಗಂಡನ ಜೊತೆ ತಗಡಿನ ಶೆಡ್ಡಿನಲ್ಲಿದ್ದುಕೊಂಡು ಕಾವಲು ಕಾಯುತ್ತಿದ್ದಳು. ಜನಬೆಂಬಲವಿಲ್ಲದೆ ಗೆರಿಲ್ಲಾ ಬದುಕುವುದಿಲ್ಲ ಎಂದು ಪುಸ್ತಕದಲ್ಲಿದೆಯಲ್ಲ, ಅತ್ತೆ ಒಂದು ಡಬ್ಬಿ ಚಕ್ಕುಲಿ ತೆಗೆದುಕೊಂಡು ಹೋಗಿ ಜನಬೆಂಬಲ ಗಳಿಸಿ ಬಂದಳು. ಶೆಡ್ಡಿನ ಮುಂದೆ ಮಾವನಿಗೆಂದೇ ಒಂದು ಸ್ಟೂಲು ಬಂತು. ಮಾವ ಅಲ್ಲಿಯವರೆಗೆ ಕಂಪೌಂಡು ಹಿಡಿದು ಹೋಗುವುದು, ಕೂರುವುದು, ಬೆವರೊರೆಸಿಕೊಳ್ಳುವುದು.

"ಸಾಹೇಬ್ರು ಯಾಕ ಇಷ್ಟ್ ಅಂಜ್ತಾರ್ರೀ ಅಮ್ಮಾರ?" ಎಂದು ನೀಲಮ್ಮ ನೇರವಾಗಿ ಕೇಳಿಯೇಬಿಟ್ಟಳು. "ನಮ್ ಮಂದಿ ಒಂಬತ್ತನೇ ಮಾಳಗಿ ಮ್ಯಾಲ ಕಟ್ಟಿಗಿ ಮ್ಯಾಲ ನಿಂತು ಗ್ವಾಡಿಗೆ ಗಾರಿ ಹಚ್ತಾರ."

ಮಾವ ಮೊದಲ ಸಲ ನಕ್ಕರು. "ನಂಗೆ ಒಂಬತ್ತನೇ ಮಹಡಿ ಭಯ ಇಲ್ಲಮ್ಮಾ. ನೆಲ ಅಂದ್ರೇನೇ ಭಯ."

ನೀಲಮ್ಮ ಮುಂದಿದ್ದ ರಸ್ತೆ ನೋಡಿ, "ಅದೂ ಖರೇನ ಬಿಡ್ರಿ, ಈ ಊರಾಗ" ಅಂದಳು.

ನಾಲ್ಕನೇ ತಿಂಗಳಿಗೆ ಮೆಡಿಕಲ್ ಶಾಪು ವಶವಾಯಿತು. ಅಲ್ಲಿಂದ ಆ ಮೂಲೆ, ಆ ಮುರಿದ ಚಪ್ಪಡಿ, ನಲವತ್ತು ಹೆಜ್ಜೆ. ಅಲ್ಲೇ ಯುದ್ಧ ನಿಂತಿತು. ಒಂದಲ್ಲ, ಆರು ಸಲ ದಾಳಿ ನಡೆಯಿತು. ಆರನೇ ಸಲ ನಾನೂ ಇದ್ದೆ. ಇನ್ನು ಹತ್ತು ಹೆಜ್ಜೆ ಅನ್ನುವಾಗ ಊಟ ತಲುಪಿಸುವ ಸ್ಕೂಟರೊಂದು ಫುಟ್‌ಪಾತು ಹತ್ತಿ, ನಾವೇ ಅದರ ದಾರಿಗೆ ಅಡ್ಡ ಬಂದವರೇನೋ ಎಂಬಂತೆ ಹಾರ್ನು ಹೊಡೆಯುತ್ತಾ ಬಂತು. ಮಾವ ಗೋಡೆಗೆ ಅಂಟಿಕೊಂಡು ನಿಂತುಬಿಟ್ಟರು. ಮುಖ ಬೂದಿಯಂತಾಗಿತ್ತು. "ನನ್ನ ಕೈಲಾಗಲ್ಲ ಕಣೇ. ಬಿಟ್ಬಿಡು ನನ್ನ."

"ಹಿಮ್ಮೆಟ್ಟೋದೂ ಯುದ್ಧದ ಭಾಗಾನೇ ರೀ. ಬನ್ನಿ," ಅಂದಳು ಅತ್ತೆ, ಏನೂ ಆಗದವಳ ಹಾಗೆ. ಆದರೆ ಸಂಜೆ ನಮ್ಮ ಮನೆಗೆ ಬಂದು ಅಡುಗೆಮನೆಯ ಕಟ್ಟೆಗೊರಗಿ ನಿಂತಳು. ಕೈಯಲ್ಲಿ ಆ ಕೆಂಪು ಪುಸ್ತಕ.

"ಕುಕ್ಕರಿನ ಪುಸ್ತಕದಲ್ಲೂ ಕೊನೇಲಿ ಒಂದು ಪುಟ ಇರುತ್ತೆ ಕಣೇ. ಕೆಲಸ ಮಾಡ್ದಿದ್ರೆ ಏನ್ಮಾಡ್ಬೇಕು ಅಂತ. ಇದ್ರಲ್ಲಿ ಇಲ್ವೇ ಇಲ್ಲ!"

ಆ ಕ್ರಾಂತಿಕಾರಿಗೆ ಬಹುಶಃ ಆ ಪುಟ ಬರೆಯುವಷ್ಟು ಸಮಯ ಸಿಗಲಿಲ್ಲ, ಅಷ್ಟರಲ್ಲಿ ಅವನನ್ನೇ ಕೊಂದಿದ್ದರು ಎಂದು ಹೇಳಬೇಕೆನಿಸಿತು. ಬದಲಿಗೆ ತರಕಾರಿ ಮೊರ ಮುಂದಿಟ್ಟೆ. ಅತ್ತೆ ಹುರುಳಿಕಾಯಿ ಬಿಡಿಸಲು ಕೂತಳು, ನಾಲ್ಕು ಬಿಡಿಸಿ ಮೊರ ಪಕ್ಕಕ್ಕೆ ಸರಿಸಿದಳು. "ನಾನೇ ಹಿಂಸೆ ಕೊಡ್ತಿದೀನೇನೇ ಅವ್ರಿಗೆ?" ಎಂದಳು. ಇಷ್ಟು ವರ್ಷದಲ್ಲಿ ಅತ್ತೆ ನನ್ನನ್ನು ಒಂದು ಪ್ರಶ್ನೆ ಕೇಳಿದ್ದು ಅದೇ ಮೊದಲು. ಕಾಫಿ ಬೆರೆಸಿ ಕೊಟ್ಟೆ.

ಆಮೇಲೆ ಒಂದು ತಿಂಗಳು ಮೆಡಿಕಲ್ ಶಾಪಿನ ಆಚೆ ಯಾರೂ ಹೋಗಲಿಲ್ಲ. ಅಷ್ಟರಲ್ಲಿ ಅತ್ತೆಗೆ ಡೆಂಗಿ ಬಂತು. ಸೇನಾಧಿಪತಿಯೇ ಹಾಸಿಗೆ ಹಿಡಿದ ಮೇಲೆ ಇನ್ನೇನು? ಗೆದ್ದ ಭೂಮಿಯೆಲ್ಲ ಕೈಬಿಟ್ಟಿತು, ಮಾವ ಮತ್ತೆ ಕುರ್ಚಿಗೇ, ಎಂದುಕೊಂಡೆ. ದಿನಾ ಹನ್ನೊಂದು ಗಂಟೆಗೆ ನಾನು ಗಂಜಿ ಮಾಡಿಕೊಂಡು ಹೋಗುತ್ತಿದ್ದೆ. ನಾಲ್ಕನೇ ದಿನ ಹೋಗಿ ನೋಡುತ್ತೇನೆ, ಗೇಟು ತೆರೆದಿದೆ. ಒಳಗೆ ಅತ್ತೆ ಜ್ವರದಲ್ಲಿ ನಿದ್ದೆ ಹೋಗಿದ್ದಾಳೆ. ಕುರ್ಚಿ ಖಾಲಿ!

ಗಂಜಿಯನ್ನು ಅಲ್ಲೇ ಇಟ್ಟು ಓಡಿದೆ.

"ಈಗ ಹ್ವಾದ್ರಲ್ರೀ ಅಕ್ಕಾರ," ಅಂದಳು ನೀಲಮ್ಮ. "ಒಂದ್ ಗಳಿಗಿ ಸ್ಟೂಲ್ ಮ್ಯಾಲ ಕುಂತ್ರು. ನಾ ಸಂಗಾಟ ಬರ್ಲೇನ್ರಿ ಅಂದ್ರ ಬ್ಯಾಡ ಅಂದ್ರು." ಮೆಡಿಕಲ್ ಶಾಪಿನವರು ಕೌಂಟರಿನಿಂದಲೇ ಮೇನ್ ರೋಡಿನ ಕಡೆ ಕೈ ತೋರಿಸಿದರು. ಆ ನಲವತ್ತು ಹೆಜ್ಜೆಯಲ್ಲಿ ನಾನು ನೆನೆಸಿಕೊಳ್ಳದ ದೇವರಿಲ್ಲ.

ಮಾವ ಇದ್ದರು. ಮುರಿದ ಚಪ್ಪಡಿಯ ಆಚೆ ಬದಿಯಲ್ಲಿದ್ದರು! ಒಂದು ಕೈ ಲೈಟು ಕಂಬವನ್ನು ತಬ್ಬಿತ್ತು. ಇನ್ನೊಂದರಲ್ಲಿ ಎರಡು ಎಳನೀರು ಹಾಕಿದ ಕವರು. ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು.

"ಮಾವ! ಏನಿದು?"

"ಎಳನೀರು ಕೊಡಿ ಅಂದಿದ್ರಲ್ಲ ಡಾಕ್ಟ್ರು."

"ನಂಗೆ ಹೇಳಿದ್ರೆ ತರ್ತಿರ್ಲಿಲ್ವಾ?"

"ತರ್ತಿದ್ದೆ," ಎಂದು ಒಪ್ಪಿಕೊಂಡರು ಮಾವ. ಕಂಬ ಬಿಡದೆಯೇ, "ಬರ್ತಾ ಹೇಗೋ ದಾಟ್ಬಿಟ್ಟೆ ಕಣಮ್ಮಾ. ವಾಪಸ್ ದಾಟೋಕೆ ಆಗ್ತಿಲ್ಲ. ಕಾಲು ಗಂಟೆಯಿಂದ ನಿಂತಿದೀನಿ. ಕೈ ಕೊಡು" ಅಂದರು.

ಕೈ ಕೊಟ್ಟೆ. ದಾಟಿದರು. ಮೆಡಿಕಲ್ ಶಾಪಿನವರೆಗೆ ಕೈ ಹಿಡಿದೇ ಬಂದೆವು. ಆಮೇಲೆ ಮಾವ ನಿಂತರು. ಕವರನ್ನು ನನ್ನ ಕೈಗಿಟ್ಟರು.

"ಇದು ನೀನೇ ತಂದೆ ಅಂತ ಹೇಳು. ನಾನು ಬಂದಿದ್ದು ಅವಳಿಗೆ ಗೊತ್ತಾಗ್ಬಾರ್ದು."

"ಅಯ್ಯೋ ಯಾಕೆ ಮಾವ? ಎಷ್ಟು ಖುಷಿ ಪಡ್ತಾಳೆ!"

"ಆರು ತಿಂಗಳು ಒದ್ದಾಡಿದ್ದು ಅವಳು. ಹುಷಾರಾಗಿ ಏಳ್ಲಿ. ಅವಳೇ ನನ್ನ ಕರ್ಕೊಂಡ್ ಬಂದು ಆ ಮೂಲೆ ದಾಟಿಸ್ಲಿ."

ಅತ್ತೆ ಎದ್ದು ಓಡಾಡಲು ಮೂರು ವಾರ ಹಿಡಿಯಿತು. ಒಂದು ಬೆಳಿಗ್ಗೆ ನಾನು ದೋಸೆ ಹುಯ್ಯುತ್ತಿದ್ದಾಗ ಫೋನು ಬಂತು.

"ದಾಟಿದ್ರು ಕಣೇ! ಮೂಲೆ ದಾಟಿದ್ರು! ಪಾಪ, ಎಷ್ಟು ನಡುಗ್ತಿದ್ರು ಗೊತ್ತಾ? ನಾನು ಬಿಡ್ಲಿಲ್ಲ. ಏನಾಗಲ್ಲ ರೀ, ನಾನಿದೀನಿ ಅಂತ ಕೈ ಹಿಡ್ಕೊಂಡೆ. ದಾಟೇಬಿಟ್ರು!"

"ಹೌದಾ ಅತ್ತೆ!" ಅಂದೆ. ದೋಸೆ ಸೀದುಹೋಗುತ್ತಿತ್ತು, ಹೋಗಲಿ ಎಂದು ಬಿಟ್ಟೆ. ಅತ್ತೆ ಆ ಕಡೆ ಮೂಗೊರೆಸಿಕೊಳ್ಳುತ್ತಿದ್ದಳು. ಅವಳ ಹಿಂದಿನಿಂದ, ಬಸ್ಸುಗಳ ಸದ್ದಿನ ನಡುವೆ, ಮಾವನ ಧ್ವನಿ ಕೇಳಿಸಿತು:

"ನೀನಿಲ್ದಿದ್ರೆ ಆಗ್ತಾನೇ ಇರ್ಲಿಲ್ಲ ಅಂತ ಹೇಳೇ ಅವಳಿಗೆ."